ಬೇಸಗೆಯಲ್ಲಿ ನಿಸ್ತಂತು ಯಂತ್ರದ ಪಾಲನೆ



ಏಪ್ರಿಲ್ ತಿಂಗಳ ಬಿಸಿಲು ಚನ್ನಗಿರಿಯ ಅಡಕೆ ತೋಟದಲ್ಲಿ ಒಂದು ಬಗೆಯಾದರೆ ಜಗಳೂರಿನ ಬಯಲಿನಲ್ಲಿ ಇನ್ನೊಂದು ಬಗೆ. ಆದರೂ ಹೊನ್ನಾಳಿ, ನ್ಯಾಮತಿಗಳನ್ನೂ ಸೇರಿಸಿ ಹೇಳುವುದಾದರೆ, ತಗಡಿನ ಮಾಡಿನ ಕೆಳಗೆ ನಿಸ್ತಂತು ಯಂತ್ರವನ್ನಿಟ್ಟುಕೊಂಡ ಹವ್ಯಾಸಿಯ ಕಷ್ಟ ಎಲ್ಲೆಡೆಯೂ ಒಂದೇ. ಬೇಸಗೆಯ ಸಂಜೆ ಗಾಳಿಮಳೆ ಬಂದು, ಕಂಬಗಳುರುಳಿ, ದೂರವಾಣಿ ಮೂಕವಾದಾಗಲೇ ಅವನ ಯಂತ್ರವು ಮಾತನಾಡಬೇಕು. ಹಗಲೆಲ್ಲ ಬೆಂದ ಯಂತ್ರವು ಆ ಹೊತ್ತಿಗೇ ಕೈಕೊಡುವುದುಂಟು.

೧೯೩೫ರಲ್ಲಿ ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ‘ಆಕಾಶವಾಣಿ’ಯನ್ನಾರಂಭಿಸಿದಾಗ ಬಳಕೆಯಲ್ಲಿದ್ದ ವಾಲ್ವು, ಒಳಗೆ ಕಾದ ಹೊರತು ಕೆಲಸವನ್ನೇ ಮಾಡದ ವಸ್ತು. ಈಗಿನ ಟ್ರಾನ್ಸಿಸ್ಟರಿಗೆ ಆ ಸಹನೆಯಿಲ್ಲ. ಬ್ಯಾಟರಿಯಿಂದ ೧೦೦ ವಾಟ್ ಪಡೆದು ಏರಿಯಲ್ಲಿಗೆ ೫೦ ವಾಟ್ ಕಳುಹಿಸುವ ಯಂತ್ರವೊಂದನ್ನು ಊಹಿಸಿಕೊಳ್ಳಿ. ಉಳಿದ ೫೦ ವಾಟ್ ಶಾಖವಾಗಿ, ಬೆನ್ನಿನ ಲೋಹದ ರೆಕ್ಕೆಗಳ ಮೂಲಕ ಹೊರಬೀಳಬೇಕು. ರೆಕ್ಕೆಗಳು ಕೋಣೆಯ ಗಾಳಿಗಿಂತ ೪೦ ಡಿಗ್ರಿ ಹೆಚ್ಚು ಬಿಸಿಯಾಗುವುದಾದರೆ, ಗಾಳಿ ೨೮ ಡಿಗ್ರಿಯಿದ್ದ ದಿನ ಅವು ೬೮ಕ್ಕೆ ನಿಲ್ಲುವುವು. ೪೦ ಡಿಗ್ರಿಯ ದಿನ ೮೦ಕ್ಕೇರುವುವು. ಒಳಗಿನ ಸಿಲಿಕಾನ್ ತುಣುಕು ಅದಕ್ಕೂ ಹೆಚ್ಚು ಬಿಸಿ. ಯಂತ್ರದ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರುಗಳ ಆಯುಸ್ಸಂತೂ ಸುಮಾರು ೧೦ ಡಿಗ್ರಿ ಏರಿದಾಗಲೆಲ್ಲ ಅರ್ಧಕ್ಕಿಳಿಯುವುದು.

ಆದುದರಿಂದ ಮೊದಲು ಶಕ್ತಿಯನ್ನು ತಗ್ಗಿಸಿರಿ. ೫೦ ವಾಟನ್ನು ೨೫ಕ್ಕಿಳಿಸಿದರೆ ದೂರದಲ್ಲಿ ಕೇಳುವವನಿಗೆ ಸಂಕೇತವು ಮೂರು ಡೆಸಿಬೆಲ್ ಮಾತ್ರ ಕುಗ್ಗುವುದು. ಅನೇಕ ವೇಳೆ ಅವನದನ್ನು ಗಮನಿಸುವುದೂ ಇಲ್ಲ. ಇಲ್ಲಿ ಮಾತ್ರ ಶಾಖ ಬಹಳಷ್ಟು ಕಡಮೆಯಾಗುತ್ತದೆ. ಮಾತನ್ನೂ ಚುಟುಕಾಗಿಸಿ, ನಡುನಡುವೆ ಕೇಳುತ್ತ ಕುಳಿತರೆ ಯಂತ್ರವು ಆರುವುದು. ನಮ್ಮಲ್ಲಿ ಕೆಲವು ಮಾತುಗಾರರಿಗೆ ಇದೇ ಕಠಿಣವಾದ ಉಪದೇಶ!

ಎರಡನೆಯದು ಗಾಳಿ. ೪೦ ಡಿಗ್ರಿಯ ಬಿಸಿಗಾಳಿಯನ್ನು ಬೀಸಿ ಫಲವೇನೆಂದು ಕೇಳುವವರುಂಟು. ೮೦ ಡಿಗ್ರಿಯ ಲೋಹಕ್ಕೆ ಅದೂ ತಂಗಾಳಿಯೇ. ಯಂತ್ರವನ್ನು ಗೋಡೆಗೊತ್ತದೆ ಒಂದು ಗೇಣು ಮುಂದಿಟ್ಟು, ಹಿಂದಿನಿಂದ ಸಣ್ಣ ಫ್ಯಾನಿನ ಗಾಳಿ ಹಾಯುವಂತೆ ಮಾಡಿರಿ. ರೆಕ್ಕೆಗಳ ಸಂದಿನ ಧೂಳನ್ನು ಒಣಕುಂಚದಿಂದ ತೆಗೆಯಿರಿ. ಮನೆಯವರು ಅಕ್ಕರೆಯಿಂದ ಹೊದಿಸುವ ಕಸೂತಿಯ ಬಟ್ಟೆಯು, ಯಂತ್ರವು ನಡೆಯುತ್ತಿರುವಾಗ, ಬೇಸಗೆಯಲ್ಲಿ ಕಂಬಳಿಯೇ ಸರಿ. ಒದ್ದೆ ಬಟ್ಟೆಯನ್ನಂತೂ ಎಂದಿಗೂ ಹಾಕಲಾಗದು. ನೀರು ಒಳಗಿಳಿದರೆ ಶಾಖಕ್ಕಿಂತ ಬೇಗನೆ ಕೆಡಿಸುವುದು.

ಬ್ಯಾಟರಿಯನ್ನು ಮಾಡಿನಿಂದ ದೂರವಾಗಿ, ನೆರಳಿನ ನೆಲದ ಮೇಲೆ, ಗಾಳಿಯಾಡುವ ಮೂಲೆಯಲ್ಲಿರಿಸಬೇಕು. ಸೀಸದ ಬ್ಯಾಟರಿಯ ಆಯುಸ್ಸಿಗೂ ಹತ್ತು ಡಿಗ್ರಿಯ ಆ ಲೆಕ್ಕವೇ ಹೆಚ್ಚುಕಡಮೆ ಸಲ್ಲುವುದು. ನೀರು ತುಂಬುವ ಬಗೆಯದಾದರೆ, ಬೇಸಗೆಯಲ್ಲಿ ಅದರ ಮಟ್ಟವನ್ನು ಅಡಿಗಡಿಗೆ ನೋಡಿ ಬಟ್ಟಿಯಿಳಿಸಿದ ನೀರನ್ನೇ ಹಾಕಿರಿ. ಬಾವಿಯ ನೀರು ಬೇಡ.