ಸಾಗರತಳದ ಅಳಿಯದ ಸಾಲು

ಹೊಲದಲ್ಲಿ ಉತ್ತ ಸಾಲು ನಾಲ್ಕು ಮಳೆ ಬಿದ್ದರೆ ಮಾಸಿಹೋಗುವುದು. ಮಳೆಯಾಗಲಿ ಬಿಸಿಲಾಗಲಿ ತಲುಪದ ಆಳಸಮುದ್ರದ ನೆಲವನ್ನು ಉತ್ತರೆ ಏನಾದೀತು?

ಇದನ್ನು ಅರಿಯಲು 1989ರಲ್ಲಿ ಜರ್ಮನ್ ವಿಜ್ಞಾನಿ ಯಾಲ್ಮಾರ್ ಟೀಲ್ ಅವರ ನೇತೃತ್ವದ ತಂಡವು ಪೆರು ದೇಶದಿಂದಾಚೆ ಶಾಂತಸಾಗರದಲ್ಲಿ ಒಂದು ಪ್ರಯೋಗವನ್ನು ಕೈಗೊಂಡಿತು. 4,000 ಮೀಟರಿಗೂ ಮಿಗಿಲಾದ ಆಳಕ್ಕೆ ಎಂಟು ಮೀಟರ್ ಅಗಲದ, ನೇಗಿಲಿನಂಥ ಸಾಧನವೊಂದನ್ನು ಇಳಿಬಿಟ್ಟು, ಸುಮಾರು 11 ಚದರ ಕಿಲೋಮೀಟರ್ ಪ್ರದೇಶದಲ್ಲಿ 78 ಬಾರಿ ಎಳೆಯಲಾಯಿತು.

ಇಂಥ ಪ್ರಯೋಗದ ಅಗತ್ಯವೇನಿತ್ತು? ಅಲ್ಲಿನ ಕೆಸರಿನ ಮೇಲೆ ಆಲೂಗೆಡ್ಡೆಯ ಗಾತ್ರದ ಕಪ್ಪು ಖನಿಜಗಂಟುಗಳು ಹರಡಿವೆ. 1872–76ರ ಯಾನದಲ್ಲಿ ‘ಚಾಲೆಂಜರ್’ ನೌಕೆಯ ವಿಜ್ಞಾನಿಗಳು ಇಂಥವನ್ನು ಸಮುದ್ರತಳದಿಂದ ಮೇಲೆತ್ತಿದ್ದರು. ಮ್ಯಾಂಗನೀಸ್, ನಿಕಲ್, ತಾಮ್ರ, ಕೋಬಾಲ್ಟ್ ಲೋಹಗಳು ಇವುಗಳಲ್ಲಿ ಅಡಕವಾಗಿವೆ. ಮೀನಿನ ಹಲ್ಲನ್ನೋ ಚಿಪ್ಪಿನ ಚೂರನ್ನೋ ಸುತ್ತಿಕೊಂಡು ಪದರಪದರವಾಗಿ ಒಂದು ಗಂಟು ಬೆಳೆಯಲು ಲಕ್ಷಾಂತರ ವರ್ಷಗಳು ಬೇಕು. ಇವನ್ನು ಅಗೆದು ತೆಗೆದರೆ ಅಲ್ಲಿನ ಜೀವಿಗಳ ಗತಿಯೇನೆಂಬುದೇ ಪ್ರಶ್ನೆ.

26 ವರ್ಷಗಳ ಅನಂತರ, 2015ರಲ್ಲಿ, ಸಂಶೋಧಕರು ಅಲ್ಲಿಗೆ ಮರಳಿದಾಗ ನೇಗಿಲ ಸಾಲುಗಳು ಸ್ಪಷ್ಟವಾಗಿ ಉಳಿದಿದ್ದುವು. ನೀರಿನಿಂದ ಆಹಾರಕಣಗಳನ್ನು ಸೋಸಿ ತಿನ್ನುವ ಪ್ರಾಣಿಗಳು ಅಲ್ಲಿ ಇನ್ನೂ ವಿರಳ. ಕೆಸರಿನ ಸೂಕ್ಷ್ಮಜೀವಿಗಳ ಚಟುವಟಿಕೆಯೂ ಕುಂದಿದ್ದಿತು. ಇದಕ್ಕೆ ಕಾರಣವುಂಟು. ಆ ಶೀತಲ ಕತ್ತಲೆಯಲ್ಲಿ ಮೇಲಿನಿಂದ ಉದುರುವ ಜೈವಿಕ ಅವಶೇಷಗಳೇ ಬಹುಪಾಲು ಜೀವಿಗಳ ಆಹಾರ. ಆದುದರಿಂದ ಅಲ್ಲಿ ಬೆಳೆವಣಿಗೆಯೆಲ್ಲ ಅತಿ ಮಂದ.

ಗಂಟು ಕೇವಲ ಲೋಹದ ಮುದ್ದೆಯಲ್ಲ. ಮೆತ್ತನೆಯ ಕೆಸರಿನ ನಡುವೆ ಅದೊಂದೇ ಗಟ್ಟಿನೆಲೆ. ಅದಕ್ಕೆ ಸ್ಪಂಜುಪ್ರಾಣಿ ಅಂಟಿ ಬೆಳೆಯುವುದು. ಸ್ಪಂಜು ಸತ್ತ ಮೇಲೆ ಉಳಿಯುವ ದಂಟಿನ ಮೇಲೆ ಬಿಳಿಯ ಆಕ್ಟೋಪಸ್ ಒಂದು ಮೊಟ್ಟೆಯಿಟ್ಟು ಕಾವಲು ಕೂರುವುದು. ಈ ಸಂಗತಿಯನ್ನು ವಿಜ್ಞಾನಿಗಳು ಪ್ರಕಟಿಸಿದ್ದು 2016ರಲ್ಲಿ. ಗಂಟು ಹೋದರೆ ಸ್ಪಂಜಿಲ್ಲ. ಸ್ಪಂಜಿಲ್ಲದಿದ್ದರೆ ಮೊಟ್ಟೆಗೆ ತಾವಿಲ್ಲ.

ಟೀಲ್ ಅವರ ನೇಗಿಲು ಗಂಟುಗಳನ್ನು ಕೆಸರಿನಲ್ಲಿ ಹೂತಿತ್ತು, ಅಷ್ಟೆ. ಗಣಿಯ ಯಂತ್ರವಾದರೋ ಅವನ್ನು ಹೊತ್ತೊಯ್ಯುವುದು. ಎಬ್ಬಿಸಿದ ಕೆಸರು ಸುತ್ತಲ ಜೀವಿಗಳ ಮೇಲೂ ಕವಿಯುವುದು.

ಬ್ಯಾಟರಿಗಳಿಗೆ ನಿಕಲ್, ಕೋಬಾಲ್ಟ್‌ಗಳ ಬೇಡಿಕೆ ಏರಿದಂತೆ ಹಲವು ರಾಷ್ಟ್ರಗಳು ಈ ನಿಧಿಯತ್ತ ನೋಡುತ್ತಿವೆ. ಹಿಂದೂ ಮಹಾಸಾಗರದ ನಡುವೆ 75,000 ಚದರ ಕಿಲೋಮೀಟರಿನ ಅನ್ವೇಷಣೆಯ ಹಕ್ಕನ್ನು ಪಡೆದ ಭಾರತವೂ ಅವುಗಳಲ್ಲೊಂದು. ಜಮೈಕಾದಲ್ಲಿರುವ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರದ 2025ರ ಜುಲೈ ಅಧಿವೇಶನದಲ್ಲಿಯೂ ಗಣಿಗಾರಿಕೆಯ ನಿಯಮಗಳು ಅಂಗೀಕೃತವಾಗಲಿಲ್ಲ. ಬಳಸಿದ ಲೋಹವನ್ನು ಕರಗಿಸಿ ಮತ್ತೆ ಬಳಸಬಹುದು. ತೆಗೆದ ಗಂಟನ್ನು ಮಾತ್ರ ಸಮುದ್ರವು ನಮ್ಮ ಕಾಲದಲ್ಲಿ ಮರಳಿ ಕಟ್ಟಿಕೊಡಲಾರದು.