ಜಿಲ್ಲೆ ಕಲಬುರಗಿ, ಮತ ಬೀದರಿಗೆ

ಚಂದ್ರಂಪಳ್ಳಿ ಜಲಾಶಯವಿರುವುದು ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನಲ್ಲಿ. ಜಿಲ್ಲಾಧಿಕಾರಿಗೆ ಅರ್ಜಿ ಕೊಡಲು ಇಲ್ಲಿಯ ಜನ ಕಲಬುರಗಿಗೆ ಹೋಗುತ್ತಾರೆ. ಲೋಕಸಭೆ ಚುನಾವಣೆ ಬಂತೆಂದರೆ ಮಾತ್ರ ಇವರು ಆರಿಸುವುದು ಬೀದರಿನ ಸಂಸದರನ್ನು. ಪಕ್ಕದ ಸೇಡಂ, ಚಿತ್ತಾಪುರದವರ ಮತ ಗುಲ್ಬರ್ಗಾ ಕ್ಷೇತ್ರಕ್ಕೆ. ಜಿಲ್ಲೆಯ ಹೆಸರು 2014ರಲ್ಲೇ ಬದಲಾದರೂ ಕ್ಷೇತ್ರದ ಹೆಸರು ಹಳೆಯದೇ ಉಳಿದಿದೆ.

ಈ ಗೆರೆಯ ತಮಾಷೆ 2019ರಲ್ಲಿ ಚೆನ್ನಾಗಿ ಕಂಡಿತು. ಚಿಂಚೋಳಿಯ ಶಾಸಕ ಉಮೇಶ್ ಜಾಧವ್ ರಾಜೀನಾಮೆ ಕೊಟ್ಟು ಕಾಂಗ್ರೆಸ್‌ನಿಂದ ಬಿಜೆಪಿಗೆ ಬಂದು, ಗುಲ್ಬರ್ಗಾದಲ್ಲಿ ಮಲ್ಲಿಕಾರ್ಜುನ ಖರ್ಗೆಯವರನ್ನು 95,452 ಮತಗಳಿಂದ ಸೋಲಿಸಿದರು. ಅವರನ್ನು ಎರಡು ಸಲ ವಿಧಾನಸಭೆಗೆ ಕಳಿಸಿದ್ದ ಚಿಂಚೋಳಿಯವರಿಗೆ ಆ ಚುನಾವಣೆಯಲ್ಲಿ ಅವರಿಗೆ ಮತ ಹಾಕುವ ಅವಕಾಶವೇ ಇರಲಿಲ್ಲ! ತೆರವಾದ ಚಿಂಚೋಳಿಯ ಉಪಚುನಾವಣೆಯಲ್ಲಿ ಗೆದ್ದವರು ಅವರ ಮಗ ಅವಿನಾಶ್.

ಇಲ್ಲಿಯ ಗಡಿಗಳು ಅಲುಗಾಡುತ್ತಲೇ ಬಂದಿವೆ. ನಿಜಾಮರ ಆಳ್ವಿಕೆ 1948ರಲ್ಲಿ ಮುಗಿದ ಮೇಲೆ, 1952ರಲ್ಲಿ ಈ ಸೀಮೆಯ ಜನ ಮೊದಲ ಸಲ ಮತ ಹಾಕಿದ್ದು 175 ಸ್ಥಾನಗಳ ಹೈದರಾಬಾದ್ ವಿಧಾನಸಭೆಗೆ. 1956ರ ನವೆಂಬರ್ 1ರಂದು ಗುಲ್ಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಅದೇ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಆಂಧ್ರದ ಪಾಲಾದವು. ಚಿಂಚೋಳಿ, ಸೇಡಂ ಗಡಿ ತಾಲ್ಲೂಕುಗಳಾದವು.

ಹೊಸ ರಾಜ್ಯದ 1957ರ ಚುನಾವಣೆಯಲ್ಲಿ ಚಿಂಚೋಳಿಯಿಂದ ಗೆದ್ದವರು ವೀರೇಂದ್ರ ಪಾಟೀಲ. 1968ರಲ್ಲಿ ಮುಖ್ಯಮಂತ್ರಿಯಾದಾಗಲೂ, ಎರಡು ದಶಕ ಕಳೆದು 1989ರಲ್ಲಿ ಮತ್ತೆ ಆ ಕುರ್ಚಿಯೇರಿದಾಗಲೂ ಅವರು ಚಿಂಚೋಳಿಯ ಶಾಸಕರೇ. ಬೆಂಗಳೂರಿನಿಂದ ಇಷ್ಟು ದೂರದ ತಾಲ್ಲೂಕೊಂದಕ್ಕೆ ಅದು ಸಣ್ಣ ಹೆಮ್ಮೆಯಲ್ಲ.

1957ರ ಮೈಸೂರು ವಿಧಾನಸಭೆಯಲ್ಲಿ 208 ಸ್ಥಾನಗಳಿದ್ದವು. 1967ಕ್ಕೆ 216 ಆದವು, 1978ಕ್ಕೆ 224. ಅಂದಿನಿಂದ ಸಂಖ್ಯೆ ಅಲ್ಲೇ ನಿಂತಿದೆ. ಸಂಖ್ಯೆ ನಿಂತರೂ ಗೆರೆ ನಿಲ್ಲಲಿಲ್ಲ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ನೇತೃತ್ವದ ಕ್ಷೇತ್ರ ಪುನರ್ವಿಂಗಡಣಾ ಆಯೋಗ 2001ರ ಜನಗಣತಿಯನ್ನು ಆಧರಿಸಿ ಎಳೆದ ಹೊಸ ಗೆರೆಗಳು 2008ರಲ್ಲಿ ಜಾರಿಗೆ ಬಂದವು. ಚಿಂಚೋಳಿ ಮತ್ತು ಚಿತ್ತಾಪುರ ಪರಿಶಿಷ್ಟ ಜಾತಿಗೆ ಮೀಸಲಾದವು. ಖರ್ಗೆಯವರು 1972ರಿಂದ ಸತತ ಎಂಟು ಸಲ ಗೆದ್ದಿದ್ದ ಮೀಸಲು ಕ್ಷೇತ್ರ ಗುರುಮಠಕಲ್ ಸಾಮಾನ್ಯವಾಯಿತು. ಅವರು ಚಿತ್ತಾಪುರಕ್ಕೆ ಬಂದು ಒಂಬತ್ತನೇ ಸಲ ಗೆದ್ದರು. ಲೋಕಸಭೆಯಲ್ಲಿಯೂ ಅದಲುಬದಲು: ಬೀದರ್ ಸಾಮಾನ್ಯ, ಗುಲ್ಬರ್ಗಾ ಮೀಸಲು.

ಮೀಸಲಾತಿಯ ಲೆಕ್ಕದಲ್ಲಿ ತಾಂಡಾಗಳದ್ದೂ ಒಂದು ಪಾತ್ರವಿದೆ. ಚಿಂಚೋಳಿ ಸುತ್ತಲಿನ ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಗಡಿಯಾಚೆ ತೆಲಂಗಾಣದಲ್ಲಿ ಅದೇ ಜನ ಪರಿಶಿಷ್ಟ ಪಂಗಡ. ಗಡಿಯ ಎರಡೂ ಕಡೆ ಬಳಗವಿರುವವರು ಚುನಾವಣೆಗೆ ನಿಲ್ಲಬೇಕೆಂದರೆ ಬೇರೆ ಬೇರೆ ಮೀಸಲು ಸ್ಥಾನಗಳನ್ನು ಹುಡುಕಬೇಕು.

2008ರ ವಿಂಗಡಣೆಯಲ್ಲಿ ಹೆಚ್ಚು ಕಳೆದುಕೊಂಡದ್ದು ಶಹಾಬಾದ್. ಫರಸಿ ಕಲ್ಲು, ಸಿಮೆಂಟ್ ಕಾರ್ಖಾನೆ, ರೈಲು, ಕಾರ್ಮಿಕ ಸಂಘಗಳ ಊರು. ಕಾರ್ಮಿಕ ನಾಯಕ ಕೆ.ಬಿ. ಶಾಣಪ್ಪ ಕಮ್ಯುನಿಸ್ಟ್ ಪಕ್ಷದಿಂದ ಶಾಸಕರಾದದ್ದು ಇಲ್ಲಿಂದಲೇ. ಆ ಕ್ಷೇತ್ರವೇ ರದ್ದಾಗಿ, ಪಟ್ಟಣವು ಗುಲ್ಬರ್ಗಾ ಗ್ರಾಮೀಣ ಕ್ಷೇತ್ರಕ್ಕೆ ಸೇರಿತು. ಅಂಥದೇ ಸಿಮೆಂಟ್ ಊರಾದ ನೆರೆಯ ವಾಡಿ ಚಿತ್ತಾಪುರ ಕ್ಷೇತ್ರದಲ್ಲಿದೆ. ಕಾರ್ಮಿಕರ ಮತ ಹೀಗೆ ಹಂಚಿಹೋದದ್ದು ಈ ಸೀಮೆಗೆ ನಷ್ಟವೇ. ವಿಚಿತ್ರವೆಂದರೆ, ಕೆಲವು ವರ್ಷಗಳ ನಂತರ ಶಹಾಬಾದ್ ತಾಲ್ಲೂಕು ಕೇಂದ್ರವಾಯಿತು. ತಹಶೀಲ್ದಾರ್ ಬಂದರು, ತನ್ನದೇ ಹೆಸರಿನ ಕ್ಷೇತ್ರ ಮರಳಲಿಲ್ಲ.

ಸಂವಿಧಾನದ 84ನೇ ತಿದ್ದುಪಡಿಯ ಪ್ರಕಾರ, 2026ರ ನಂತರದ ಮೊದಲ ಜನಗಣತಿಯ ಅಂಕಿಗಳು ಬರುವವರೆಗೆ ಸ್ಥಾನಗಳ ಸಂಖ್ಯೆ ಬದಲಾಗುವಂತಿಲ್ಲ. ಆ ಗಣತಿ 2027ಕ್ಕೆ ನಿಗದಿಯಾಗಿದೆ. ಆ ಅಂಕಿಗಳ ಮೇಲೆ ಸ್ಥಾನಗಳ ಮರುಹಂಚಿಕೆಯಾದರೆ ಲೋಕಸಭೆಯಲ್ಲಿ ತಮ್ಮ ಪಾಲು ಕುಗ್ಗೀತೆಂದು ದಕ್ಷಿಣದ ರಾಜ್ಯಗಳು ಚಿಂತಿಸುತ್ತಿವೆ. ಶಹಾಬಾದ್, ಕಾಳಗಿಯಂಥ ಹೊಸ ತಾಲ್ಲೂಕುಗಳು ಯಾವ ಕ್ಷೇತ್ರಕ್ಕೆ ಸೇರಬೇಕು, ಚಿಂಚೋಳಿ ಬೀದರಿನೊಂದಿಗೇ ಉಳಿಯಬೇಕೇ ಎಂಬ ಪ್ರಶ್ನೆಗಳೂ ಆಗಲೇ ಮೇಜಿನ ಮೇಲೆ ಬರಲಿವೆ. ಆಯೋಗ ಕರಡು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕೇಳುವುದು ಕಡ್ಡಾಯ.