ಗಡ್ಡೆಯ ಗುಣ ಹೇಳುವ ಕಂದು ಗೆರೆ

ಜಠರದಲ್ಲೋ ಕರುಳಿನಲ್ಲೋ ಒಂದೇ ಗಾತ್ರದ ಎರಡು ಗಡ್ಡೆಗಳು ಬೆಳೆದರೂ ಅವುಗಳ ನಡೆ ಒಂದೇ ಆಗಿರುವುದಿಲ್ಲ. ಒಂದು ವರ್ಷಗಟ್ಟಲೆ ಇದ್ದಲ್ಲೇ ಇದ್ದರೆ, ಇನ್ನೊಂದು ಕೆಲವೇ ತಿಂಗಳಲ್ಲಿ ಯಕೃತ್ತಿಗೆ ಹರಡಿರುತ್ತದೆ. ಈ ವ್ಯತ್ಯಾಸದ ಸುಳಿವು ಜೀವಕೋಶಗಳು ತಯಾರಿಸುವ, ಕೆಲವೊಮ್ಮೆ ತಯಾರಿಸುವುದನ್ನೇ ನಿಲ್ಲಿಸಿಬಿಡುವ ಪ್ರೋಟೀನುಗಳಲ್ಲಿರುತ್ತದೆ.

ಸುಳಿವು ಹುಡುಕುವ ಕೆಲಸ ಪೆಥಾಲಜಿ ವಿಭಾಗದ್ದು. ಬಯಾಪ್ಸಿಯಲ್ಲಿ ತೆಗೆದ ಚೂರನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದಲ್ಲಿ ಹುದುಗಿಸಿ, 3–4 ಮೈಕ್ರಾನ್ ದಪ್ಪದ ಪದರಗಳಾಗಿ ಕತ್ತರಿಸುತ್ತಾರೆ. ನಿರ್ದಿಷ್ಟ ಪ್ರೋಟೀನಿಗೆ ಮಾತ್ರ ಅಂಟುವ ಆಂಟಿಬಾಡಿಯನ್ನು ಪದರದ ಮೇಲೆ ಹಾಕಿ ಬಣ್ಣ ಬರಿಸಿದರೆ, ಆ ಪ್ರೋಟೀನ್ ಇರುವಲ್ಲೆಲ್ಲ ಕಂದು ಮೂಡುತ್ತದೆ.

ಆರೋಗ್ಯವಂತ ಜಠರದ ಒಳಪದರದಲ್ಲಿ ಇ-ಕ್ಯಾಡ್‌ಹೆರಿನ್ ಪ್ರೋಟೀನಿಗೆ ಹೀಗೆ ಬಣ್ಣ ಹಾಕಿದಾಗ ಪ್ರತಿ ಕೋಶದ ಅಂಚಿಗೂ ಕಂದು ಗೆರೆ ಎಳೆದಂತಿರುತ್ತದೆ, ಥೇಟ್ ಜೇನುಹುಟ್ಟಿನ ಹಾಗೆ. ಕೋಶಗಳನ್ನು ಒಂದಕ್ಕೊಂದು ಬಿಗಿದಿಡುವುದು ಈ ಪ್ರೋಟೀನೇ. ಗೆರೆ ಅಳಿಸಿಹೋದಲ್ಲಿ ಕೋಶಗಳು ಬಿಡಿಬಿಡಿಯಾಗಿ ಜಠರದ ಗೋಡೆಯೊಳಗೆ ನುಸುಳುತ್ತವೆ. ಗಂಟು ಕಟ್ಟದೆ ಹಬ್ಬುವ ಈ ‘ಡಿಫ್ಯೂಸ್’ ಬಗೆಯ ಕ್ಯಾನ್ಸರ್ ಆರಂಭದಲ್ಲಿ ಎಂಡೋಸ್ಕೋಪಿಯ ಕಣ್ಣಿಗೂ ಸುಲಭವಾಗಿ ಬೀಳುವುದಿಲ್ಲ. ಅದರ ಕ್ರೌರ್ಯ ಇರುವುದೇ ಇಲ್ಲಿ. ನ್ಯೂಜಿಲೆಂಡಿನ ಒಂದು ಮಾವೊರಿ ಮನೆತನದಲ್ಲಿ ತಲೆಮಾರುಗಳಿಂದ ಜಠರ ಕ್ಯಾನ್ಸರಿಗೆ ಎಳೆಯರೂ ಬಲಿಯಾಗುತ್ತಿದ್ದರು. ಇ-ಕ್ಯಾಡ್‌ಹೆರಿನ್ ತಯಾರಿಸುವ ಸಿಡಿಎಚ್1 ಜೀನಿನ ದೋಷವೇ ಇದಕ್ಕೆ ಕಾರಣವೆಂದು 1998ರಲ್ಲಿ ಗೊತ್ತಾಯಿತು. ಇಂಥ ದೋಷ ಹೊತ್ತವರಲ್ಲಿ ಹಲವರು ರೋಗ ಕಾಣಿಸಿಕೊಳ್ಳುವ ಮೊದಲೇ ಇಡೀ ಜಠರವನ್ನು ತೆಗೆಸಿಕೊಳ್ಳುತ್ತಾರೆ. ಕಠಿಣ ನಿರ್ಧಾರವೇ ಹೌದು, ಆದರೆ ಜೀವ ಉಳಿಸುವಂಥದ್ದು.

ಗಡ್ಡೆಯ ಬೆಳವಣಿಗೆಯ ವೇಗ ಅಳೆಯಲು ಕೆಐ-67 ಎಂಬ ಪ್ರೋಟೀನ್ ಬೇಕು. ಜರ್ಮನಿಯ ಕೀಲ್ ನಗರದಲ್ಲಿ ಪತ್ತೆಯಾದ್ದರಿಂದ ಅದಕ್ಕೆ ಆ ಹೆಸರು. ವಿಭಜನೆಯ ಹಾದಿಯಲ್ಲಿರುವ ಕೋಶದ ಕೇಂದ್ರದಲ್ಲಿ ಇದು ಇರುತ್ತದೆ, ವಿಶ್ರಾಂತಿಯಲ್ಲಿರುವ ಕೋಶದಲ್ಲಿ ಇರುವುದಿಲ್ಲ. ಜೀರ್ಣಾಂಗಗಳ ನ್ಯೂರೋಎಂಡೋಕ್ರೈನ್ ಗಡ್ಡೆಗಳ ದರ್ಜೆ ನಿರ್ಧರಿಸುವಾಗ ಈ ಎಣಿಕೆ ಮುಖ್ಯ. ನೂರರಲ್ಲಿ 3ಕ್ಕಿಂತ ಕಡಿಮೆ ಕೋಶಗಳಿಗೆ ಬಣ್ಣ ಹಿಡಿದಿದ್ದರೆ ಮೊದಲ ದರ್ಜೆ, 20 ದಾಟಿದರೆ ಮೂರನೆಯದು.

ಹರ್2 ಎಂಬ ಇನ್ನೊಂದು ಪ್ರೋಟೀನ್ ಕೋಶದ ಹೊರಪೊರೆಯಲ್ಲಿ ನಿಂತು ‘ಬೆಳೆ’ ಎಂಬ ಸಂಕೇತವನ್ನು ಒಳಗೆ ಸಾಗಿಸುತ್ತದೆ. ಜಠರ ಕ್ಯಾನ್ಸರುಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ಇದು ಮಿತಿಮೀರಿರುತ್ತದೆ. ರೋಗದ ವೇಗ ಹೇಳುವುದಕ್ಕಿಂತ ಮದ್ದಿನ ದಾರಿ ತೋರುವುದರಲ್ಲೇ ಇದರ ಬೆಲೆ ಹೆಚ್ಚು. ಹರ್2 ಹೆಚ್ಚಿರುವ, ಮುಂದುವರಿದ ಹಂತದ ರೋಗಿಗಳ ಕೀಮೋಥೆರಪಿಗೆ ಅದನ್ನು ತಡೆಯುವ ಟ್ರಾಸ್ಟುಜುಮಾಬ್ ಔಷಧಿ ಸೇರಿಸಿದಾಗ ಬದುಕಿನ ಮಧ್ಯಮಾಂಕ ಅವಧಿ 11.1 ತಿಂಗಳಿಂದ 13.8ಕ್ಕೆ ಏರಿದ್ದನ್ನು 2010ರ ಟೋಗಾ ಅಧ್ಯಯನ ತೋರಿಸಿತು. ಜಠರದ ಗಡ್ಡೆಯಲ್ಲಿ ಹರ್2 ಅಲ್ಲಲ್ಲಿ ಮಾತ್ರ ಇರಬಹುದಾದ್ದರಿಂದ ಆರೆಂಟು ಚೂರು ತೆಗೆದು ನೋಡುವುದು ಒಳ್ಳೆಯದು.

ಪ್ರೋಟೀನ್ ಕಾಣೆಯಾಗುವುದು ಯಾವಾಗಲೂ ಕೆಟ್ಟ ಸುದ್ದಿಯಲ್ಲ. ಡಿಎನ್‌ಎ ನಕಲಿನ ತಪ್ಪು ತಿದ್ದುವ ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2 ಪೈಕಿ ಒಂದಾದರೂ ಇಲ್ಲದ ದೊಡ್ಡ ಕರುಳಿನ ಕ್ಯಾನ್ಸರ್, ಎರಡನೆಯ ಹಂತದಲ್ಲಿ ಉಳಿದವುಗಳಿಗಿಂತ ಸೌಮ್ಯವಾಗಿಯೇ ನಡೆದುಕೊಳ್ಳುತ್ತದೆ. ಹರಡಿದ ಮೇಲೂ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಔಷಧಿಗಳಿಗೆ ಚೆನ್ನಾಗಿ ಸ್ಪಂದಿಸುತ್ತದೆ. ಆದರೆ ಈ ಕೊರತೆ ವಂಶಪಾರಂಪರ್ಯದ ಲಿಂಚ್ ಸಿಂಡ್ರೋಮಿನದೂ ಆಗಿರಬಹುದಾದ್ದರಿಂದ, ಹಾಗೆಂದು ಖಚಿತವಾದರೆ ರೋಗಿಯ ಒಡಹುಟ್ಟಿದವರೂ ಮಕ್ಕಳೂ ಪರೀಕ್ಷೆ ಮಾಡಿಸಿಕೊಳ್ಳಬೇಕಾಗುತ್ತದೆ.